ನುಡಿ, ಧರ್ಮ ಒಂದಾದರೆ ಯುದ್ಧ ನಿಲ್ಲುವುದೇ?

ಪ್ರಶ್ನೆ: ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳ ನಡುವೆ ಯುದ್ಧದ ಮಾತೇ ಕೇಳಿಬರುವುದಿಲ್ಲ. ಹತ್ತಿರದ ನುಡಿಗಳು, ಒಂದೇ ಧರ್ಮ ಇರುವುದೇ ಇದಕ್ಕೆ ಕಾರಣವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಅದೇ ಕಾರಣವಾಗಿದ್ದರೆ ಆ ನಾಡುಗಳು ಎಂದೋ ಶಾಂತವಾಗಿರಬೇಕಿತ್ತು. ಒಬ್ಬರ ಮಾತು ಇನ್ನೊಬ್ಬರಿಗೆ ಬಹುಮಟ್ಟಿಗೆ ತಿಳಿಯುತ್ತಿದ್ದರೂ, ಎಲ್ಲರೂ ಕ್ರೈಸ್ತಧರ್ಮದ ಲೂಥರನ ಪಂಥಕ್ಕೆ ಸೇರಿದವರೇ ಆಗಿದ್ದರೂ, ಡೆನ್ಮಾರ್ಕ್ ಮತ್ತು ಸ್ವೀಡನ್ ಶತಮಾನಗಳ ಕಾಲ ಮತ್ತೆ ಮತ್ತೆ ಕಾದಾಡಿದವು. ದಾಯಾದಿಗಳ ಜಗಳ ಕಂಡವರಿಗೆ ಇದು ಅಚ್ಚರಿಯ ಸಂಗತಿಯಲ್ಲ.

1905ರಲ್ಲಿ ನಾರ್ವೆ ಸ್ವೀಡನ್ನಿನೊಡನಿದ್ದ ಒಕ್ಕೂಟವನ್ನು ಮುರಿದುಕೊಂಡಿತು. ಜನಮತಗಣನೆಯಲ್ಲಿ 3,68,208 ಮಂದಿ ಬೇರ್ಪಡುವುದಕ್ಕೆ ಒಪ್ಪಿದರು. ಬೇಡವೆಂದವರು ಕೇವಲ 184. ಎರಡೂ ಕಡೆ ಸೇನೆ ಸಜ್ಜಾಗಿದ್ದಾಗ, ನಾರ್ವೆಯ ಮೇಲೆ ಕೈಮಾಡಕೂಡದೆಂದು ಸ್ವೀಡನ್ನಿನೊಳಗೇ ಸಮಾಜವಾದಿ ನಾಯಕ ಯಾಲ್ಮಾರ್ ಬ್ರಾಂಟಿಂಗ್ ಮತ್ತು ಅವರ ಜೊತೆಗಿದ್ದ ಕಾರ್ಮಿಕ ಚಳವಳಿ ದನಿಯೆತ್ತಿದವು. ಗಡಿಯಾಚೆಯವರನ್ನೂ ನಮ್ಮವರೆಂದು ಬಗೆದ ಆ ದನಿಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಕೊನೆಗೆ ಸ್ವೀಡನ್ನಿನ ಕಾರ್ಲ್‌ಸ್ಟಾಡ್ ಪಟ್ಟಣದಲ್ಲಿ ನಡೆದ ಮಾತುಕತೆಯಲ್ಲಿ, ಗಡಿಯಲ್ಲಿ ತಾನು ಹೊಸದಾಗಿ ಕಟ್ಟಿದ್ದ ಕೋಟೆಗಳನ್ನು ಕೆಡವಲು ನಾರ್ವೆ ಒಪ್ಪಿತು, ಗಡಿಯ ಎರಡೂ ಬದಿಗೆ ಸೇನೆಯಿಲ್ಲದ ವಲಯವೊಂದು ಏರ್ಪಟ್ಟಿತು.

1957ರಲ್ಲಿ ರಾಜ್ಯಶಾಸ್ತ್ರಜ್ಞ ಕಾರ್ಲ್ ಡಾಯ್ಚ್ ಮತ್ತು ಅವರ ಸಂಗಡಿಗರು ಇಂಥ ನಾಡುಗಳನ್ನು 'ಭದ್ರತಾ ಸಮುದಾಯ' ಎಂದು ಕರೆದರು. ಅಲ್ಲಿ ಜಗಳವೇ ಇರುವುದಿಲ್ಲ ಎಂಬುದು ಅವರ ಮಾತಿನ ಅರ್ಥವಲ್ಲ. ಜಗಳವಾದರೂ ಎದುರಿನವರು ಆಯುಧ ಎತ್ತಲಾರರೆಂಬ ಭರವಸೆ ಇಬ್ಬರಲ್ಲೂ ಇರಬೇಕು. ಪೂರ್ವ ಗ್ರೀನ್‌ಲ್ಯಾಂಡ್ ತನ್ನದೆಂದು ವಾದಿಸಿದ ನಾರ್ವೆ 1933ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಡೆನ್ಮಾರ್ಕಿಗೆ ಸೋತು, ಆ ತೀರ್ಪಿಗೆ ತಲೆಬಾಗಿತು. ನಮ್ಮವರೆಂಬ ಭಾವ ಅಲ್ಲಿ ಬೆಳೆದದ್ದು ಹೀಗೆ, ಸೋಲನ್ನೂ ಒಪ್ಪಿಕೊಂಡು ವ್ಯಾಜ್ಯ ಮುಗಿಸುವ ರೂಢಿಯ ಜೊತೆಜೊತೆಗೇ ಎಂದು ನನಗನಿಸುತ್ತದೆ. 1952ರಲ್ಲಿ ಈ ನಾಡುಗಳ ಸಂಸದರು ಒಟ್ಟಿಗೆ ಕೂಡುವ ನಾರ್ಡಿಕ್ ಮಂಡಳಿ ಹುಟ್ಟಿದ್ದು ಈ ವ್ಯಾಜ್ಯಗಳೆಲ್ಲ ಮುಗಿದ ನಂತರ.

ಇನ್ನು ನುಡಿಯ ವಿಚಾರ. ಫಿನ್ನಿಶ್ ಬೇರೆಯೇ ಭಾಷಾಕುಟುಂಬದ್ದಾದರೂ ಫಿನ್‌ಲ್ಯಾಂಡ್ 1955ರಲ್ಲಿ ಆ ಮಂಡಳಿಯನ್ನು ಸೇರಿತು. ಅದಕ್ಕೂ ಮೊದಲು, ಸ್ವೀಡಿಶ್ ಆಡುವ ಆಲಂಡ್ ದ್ವೀಪಗಳ ಜನ ಸ್ವೀಡನ್ನನ್ನು ಸೇರಲು ಬಯಸಿದ್ದರೂ, 1921ರಲ್ಲಿ ವಿಶ್ವಸಂಸ್ಥೆಗೂ ಮುಂಚಿನ ರಾಷ್ಟ್ರಗಳ ಸಂಘ ಆ ದ್ವೀಪಗಳನ್ನು ಫಿನ್‌ಲ್ಯಾಂಡಿಗೇ ಉಳಿಸಿತು. ಸ್ವೀಡನ್ ನೊಂದುಕೊಂಡರೂ ಒಪ್ಪಿಕೊಂಡಿತು. ಆ ದ್ವೀಪಗಳಿಗೆ ಸ್ವಾಯತ್ತೆ ದೊರೆಯಿತು, ಅಲ್ಲಿ ಇಂದಿಗೂ ಸ್ವೀಡಿಶ್ ಒಂದೇ ಆಡಳಿತ ಭಾಷೆ, ಸೇನಾ ನೆಲೆ ಯಾವುದೂ ಇಲ್ಲ.