ಕೈತೋಟ ಪ್ರಶ್ನೋತ್ತರ: ಮೊಗ್ಗು ಬಿಡದ ಸೇವಂತಿಗೆ, ಉದುರುವ ಸೋರೆಯ ಹೀಚು

ಈ ತಿಂಗಳ ಪತ್ರಗಳಲ್ಲಿ ಬಹುಪಾಲು “ಯಾವ ಔಷಧಿ ಸಿಂಪಡಿಸಬೇಕು ತಿಳಿಸಿ” ಎಂಬ ಕೋರಿಕೆಯೊಂದಿಗೆ ಮುಗಿದಿವೆ. ಆದರೆ ಅವುಗಳಲ್ಲಿ ವಿವರಿಸಿರುವ ತೊಂದರೆಗಳು ಹೆಚ್ಚಾಗಿ ಔಷಧಿಯಿಂದ ವಾಸಿಯಾಗುವಂಥವಲ್ಲ. ಗಿಡಕ್ಕೆ ಬೇಕಾದ ಕತ್ತಲೆಯೋ ಪರಾಗವೋ ಬಿಸಿಲೋ ಸಿಗದೆ ಹುಟ್ಟಿಕೊಂಡಂಥವು. ಮನೆಮಂದಿಯೆಲ್ಲ ತಿನ್ನುವ ಸೊಪ್ಪು, ಕಾಯಿಗಳ ಮೇಲೆ ಕಾರಣ ತಿಳಿಯದೆ ವಿಷ ಸುರಿಯಬಾರದೆಂಬ ಕಾಳಜಿಯಿಂದ ಕೆಲವು ಉತ್ತರಗಳನ್ನು ವಿವರವಾಗಿಯೇ ಬರೆದಿದ್ದೇನೆ.

ಪ್ರಶ್ನೆ: ಆಷಾಢದಲ್ಲಿ ಗೇಟಿನ ಪಕ್ಕದ ಪಾತಿಯಲ್ಲಿ ಹಳದಿ ಸೇವಂತಿಗೆ ನೆಟ್ಟೆವು. ಎದುರಿಗೇ ಬೀದಿದೀಪವಿರುವುದರಿಂದ ಕೆಲಸ ಮುಗಿಸಿ ಬಂದ ಮೇಲೂ ನೀರು ಹಾಕಿ ಕಳೆ ತೆಗೆಯಲು ಅನುಕೂಲವಾಗಿದೆ. ಗಿಡಗಳು ಮೊಳಕಾಲೆತ್ತರ ಸೊಂಪಾಗಿ ಬೆಳೆದಿವೆ, ಆದರೆ ದೀಪಾವಳಿ ಕಳೆದರೂ ಒಂದು ಮೊಗ್ಗಿಲ್ಲ. ಅದೇ ತಾಯಿಗಿಡದ ಸಸಿಗಳನ್ನು ಹಿತ್ತಲಿನಲ್ಲೂ ನೆಟ್ಟಿದ್ದೆವು, ಅವು ಮೈತುಂಬ ಹೂ ಬಿಟ್ಟಿವೆ. ಗೇಟಿನ ಕಡೆಯ ಮಣ್ಣಿನಲ್ಲಿ ದೋಷವಿದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಮಣ್ಣಿನಲ್ಲಿ ದೋಷವಿದ್ದಿದ್ದರೆ ಗಿಡ ಇಷ್ಟು ಸೊಂಪಾಗಿ ಬೆಳೆಯುತ್ತಿರಲಿಲ್ಲ. ನಿಮಗೆ ಅನುಕೂಲವೆನಿಸಿದ ಆ ಬೀದಿದೀಪವೇ ಸೇವಂತಿಗೆಗೆ ಅಡ್ಡಿಯಾಗಿದೆ. ಎಲೆ ಬೆಳೆಸಬೇಕೋ ಮೊಗ್ಗು ಕಟ್ಟಬೇಕೋ ಎಂಬುದನ್ನು ಈ ಗಿಡ ರಾತ್ರಿಯ ಉದ್ದವನ್ನು ಗ್ರಹಿಸಿ ನಿರ್ಧರಿಸುತ್ತದೆ. ಮೈಸೂರಿನಲ್ಲಿ ಜೂನ್ ತಿಂಗಳಲ್ಲಿ 13 ಗಂಟೆಗೆ ಸಮೀಪವಿರುವ ಹಗಲು, ಸೆಪ್ಟೆಂಬರ್ 22-23ರ ಹೊತ್ತಿಗೆ ರಾತ್ರಿಗೆ ಸಮನಾಗಿ, ಡಿಸೆಂಬರ್‌ನಲ್ಲಿ ಸುಮಾರು ಹನ್ನೊಂದೂವರೆ ಗಂಟೆಗೆ ಇಳಿಯುತ್ತದೆ. ನಮ್ಮ ಗಮನಕ್ಕೇ ಬಾರದ ಈ ಸಣ್ಣ ವ್ಯತ್ಯಾಸವನ್ನು ಎಲೆಗಳಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಗುರುತಿಸುತ್ತದೆ. ಕತ್ತಲೆ ಸಾಕಷ್ಟು ದೀರ್ಘವಾಗಿದ್ದು ನಡುವೆ ಎಲ್ಲೂ ಮುರಿಯದಿದ್ದರೆ ಮಾತ್ರ ಎಲೆಯಿಂದ ಕುಡಿಗೆ ಹೂವಿನ ಸಂದೇಶ ಹೋಗುತ್ತದೆ. ರಾತ್ರಿಯಿಡೀ ಬೀದಿದೀಪದ ಕೆಳಗೆ ನಿಂತ ನಿಮ್ಮ ಗಿಡಗಳ ಪಾಲಿಗೆ ಆಷಾಢದ ಹಗಲು ಇನ್ನೂ ಮುಗಿದೇ ಇಲ್ಲ.

ಬೆಂಗಳೂರಿನ ಸುತ್ತಮುತ್ತ ಸೇವಂತಿಗೆ ಬೆಳೆಯುವ ರೈತರು ಇದೇ ಗುಣವನ್ನು ಬೇಕೆಂದೇ ಬಳಸಿಕೊಳ್ಳುತ್ತಾರೆ. ಹೊಲದ ತುಂಬ ಸಾಲುಸಾಲಾಗಿ ಬಲ್ಬು ಉರಿಸಿ ಮೊಗ್ಗನ್ನು ತಡೆದು, ಗಿಡ ಬಲಿತ ಮೇಲೆ ದೀಪ ಆರಿಸಿ, ಬೆಲೆ ಬರುವ ಹೊತ್ತಿಗೆ ಹೂ ಕೊಯ್ಯುತ್ತಾರೆ. ನೀವು ಇದರ ವಿರುದ್ಧ ದಾರಿ ಹಿಡಿಯಬೇಕು. ಗಿಡಗಳನ್ನು ಬುಡದ ಮಣ್ಣಿನ ಹೆಂಟೆಯ ಸಮೇತ ಎತ್ತಿ ಕುಂಡಕ್ಕೆ ಹಾಕಿ, ರಾತ್ರಿ ಯಾವ ದೀಪವೂ ಬೀಳದ ಕಡೆ ಇಡುವುದು ಎಲ್ಲಕ್ಕಿಂತ ಸುಲಭ. ಅದಾಗದಿದ್ದರೆ ನಾಲ್ಕು ಕೋಲು ನೆಟ್ಟು, ಸಂಜೆ ಆರರಿಂದ ಬೆಳಿಗ್ಗೆ ಏಳರವರೆಗೆ ಬೆಳಕು ತೂರದ ದಪ್ಪ ಕಪ್ಪುಬಟ್ಟೆಯನ್ನು ಹೊದಿಸಿ, ಮೊಗ್ಗಿನಲ್ಲಿ ಬಣ್ಣ ಕಾಣುವವರೆಗೆ ಒಂದು ದಿನವೂ ತಪ್ಪಿಸದೆ ಮುಂದುವರಿಸಬೇಕು. ತಳಿಯನ್ನು ಅನುಸರಿಸಿ ಹೂ ಅರಳಲು, ಹೀಗೆ ಕತ್ತಲೆ ಸಿಗತೊಡಗಿದ ದಿನದಿಂದ ಎರಡರಿಂದ ಮೂರು ತಿಂಗಳು ಹಿಡಿಯಬಹುದು. ಮುಂದಿನ ವರ್ಷ ಗೇಟಿನ ಬಳಿ ದಾಸವಾಳವನ್ನೋ ಕನಕಾಂಬರವನ್ನೋ ನೆಟ್ಟು, ಸೇವಂತಿಗೆಯನ್ನು ಹಿತ್ತಲಿಗೇ ಬಿಡುವುದು ಒಳ್ಳೆಯದು.

ಸೊಗಡಿನ ಅವರೆ ಚಳಿಗಾಲದಲ್ಲಷ್ಟೇ ಕಾಯಿ ಬಿಡುವುದೂ ಇದೇ ಕಾರಣದಿಂದ. ವರ್ಷದ ಯಾವ ಕಾಲದಲ್ಲಾದರೂ ಅವರೆ ಬೆಳೆಯುವ ಆಸೆಯಿದ್ದವರು, ಹಗಲಿನ ಉದ್ದಕ್ಕೆ ಸ್ಪಂದಿಸದಂತೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಹೆಬ್ಬಾಳ ಅವರೆ ತಳಿಗಳನ್ನು ಹುಡುಕಬೇಕು. ಆದರೆ ಆ ಸೊಗಡು ಬೇಕೆನ್ನುವವರಿಗೆ ನಾಟಿ ಅವರೆಯೇ ಆಗಬೇಕೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಚಪ್ಪರಕ್ಕೆ ಹಬ್ಬಿಸಿದ ಸೋರೆ, ಹೀರೆ ಬಳ್ಳಿಗಳಲ್ಲಿ ಹೆಬ್ಬೆರಳಿನಷ್ಟು ದಪ್ಪದ ಹೀಚು ಹಳದಿಯಾಗಿ ಉದುರುತ್ತಿದೆ. ಸಿಹಿಗುಂಬಳದಲ್ಲೂ ಇದೇ ಪಾಡು. ಹಾರ್ಮೋನು ಸಿಂಪಡಿಸಬೇಕೆಂದು ಅಂಗಡಿಯವರು ಹೇಳಿದರು. ಹೂವಿಗೆ ಹುಳು ಬೀಳದಿರಲೆಂದು ವಾರಕ್ಕೊಮ್ಮೆ ಕೀಟನಾಶಕ ಹೊಡೆಯುತ್ತಿದ್ದೇನೆ.
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಮೊದಲು ಕೀಟನಾಶಕವನ್ನು ನಿಲ್ಲಿಸಿ. ಈ ಬಳ್ಳಿಗಳಲ್ಲಿ ಗಂಡುಹೂ, ಹೆಣ್ಣುಹೂ ಬೇರೆಬೇರೆಯಾಗಿರುತ್ತವೆ. ನೀವು ಹೀಚು ಎನ್ನುತ್ತಿರುವುದು ಹೆಣ್ಣುಹೂವಿನ ಕೆಳಗೆ ಹುಟ್ಟಿನಿಂದಲೇ ಇರುವ ಅಂಡಾಶಯ. ಗಂಡುಹೂವಿನ ಪರಾಗ ಅದನ್ನು ತಲುಪದಿದ್ದರೆ ಅದು ಕೆಲವೇ ದಿನಗಳಲ್ಲಿ ಹಳದಿಯಾಗಿ ಉದುರುವುದು ಸಹಜ. ಪರಾಗವನ್ನು ಹೊತ್ತು ತರಬೇಕಾದ ಜೇನುನೊಣ, ಪತಂಗಗಳನ್ನು ನಿಮ್ಮ ಔಷಧಿಯೇ ದೂರವಿಟ್ಟಿದೆ. ಬಳ್ಳಿ ಹೂ ಬಿಡಲು ತೊಡಗಿದ ಮೊದಲ ಎರಡು ವಾರ ಗಂಡುಹೂಗಳೇ ಹೆಚ್ಚಾಗಿರುವುದರಿಂದ ಆಗ ಕಾಯಿ ಕಾಣದಿದ್ದರೆ ಆತಂಕ ಬೇಡ. ಯೂರಿಯಾ ಅಥವಾ ಕೋಳಿಗೊಬ್ಬರ ಅತಿಯಾದರೂ ಬಳ್ಳಿ ಎಲೆಯ ಕಡೆಗೇ ಓಡುತ್ತದೆ.

ಹುಳು ಹುಪ್ಪಟೆ ಕಡಿಮೆಯಿರುವ ಊರಿನೊಳಗಿನ ಮನೆಗಳಲ್ಲಿ ನಾವೇ ಕೈಯಿಂದ ಪರಾಗಸ್ಪರ್ಶ ಮಾಡಬಹುದು. ಈ ಕೆಲಸದಲ್ಲಿ ಬಹಳ ಜನ ತಪ್ಪುವುದು ವೇಳೆಯಲ್ಲಿ. ಸಿಹಿಗುಂಬಳ, ಸೌತೆ, ಹಾಗಲದ ಹೂಗಳು ಬೆಳಗಿನ ಹೊತ್ತು ಅರಳುತ್ತವೆ. ಸಿಹಿಗುಂಬಳದ ಹೂವಂತೂ ಬಿಸಿಲೇರುವ ಮೊದಲೇ ಮುದುಡಿಕೊಳ್ಳುವುದರಿಂದ ಅದರ ಕೆಲಸ ಎಂಟು ಗಂಟೆಯೊಳಗೆ ಮುಗಿಯಬೇಕು. ಬಿಳಿಯ ಸೋರೆಹೂವು ಅರಳುವುದು ಸಂಜೆ, ಅದಕ್ಕೆ ಬರುವವು ರಾತ್ರಿಯ ಪತಂಗಗಳು. ಏಣುಗಳಿರುವ ನಮ್ಮ ಮಾಮೂಲಿ ಹೀರೆಯೂ ಸಂಜೆಯೇ ಅರಳುತ್ತದೆ, ಆದರೆ ಅದರ ದಾಯಾದಿಯಾದ ತುಪ್ಪದ ಹೀರೆ ಬೆಳಗಿನದು. ಬೆಳಿಗ್ಗೆ ಚಪ್ಪರದ ಕೆಳಗೆ ನಿಂತು ಸೋರೆಗೆ ಪರಾಗ ಹಚ್ಚಿ ಫಲ ಸಿಗಲಿಲ್ಲವೆನ್ನುವವರು ಸಂಜೆ ಆರೂವರೆಯ ಮೇಲೆ ಹೋಗಿ ನೋಡಬೇಕು. ಆಗ ತಾನೇ ಅರಳಿದ ಗಂಡುಹೂವೊಂದನ್ನು ಕಿತ್ತು, ದಳಗಳನ್ನು ಹಿಂದಕ್ಕೆ ಮಡಚಿ, ನಡುವಿನ ಪುಡಿಯನ್ನು ಹೆಣ್ಣುಹೂವಿನ ಮಧ್ಯದ ಅಂಟಾದ ಶಲಾಕಾಗ್ರಕ್ಕೆ ಎಲ್ಲ ಕಡೆಯಿಂದಲೂ ಮೆತ್ತಗೆ ಒರೆಸಿದರೆ ಸಾಕು. ಹೀಚು ಮೂರು ನಾಲ್ಕು ದಿನಗಳಲ್ಲಿ ದಪ್ಪವಾಗಿ ಕೆಳಮುಖವಾಗಿ ಬಾಗಿದರೆ ಕಾಯಿ ಕಚ್ಚಿತೆಂದೇ ಅರ್ಥ. ಒಂದು ಪಕ್ಕ ದಪ್ಪವಾಗಿ ಇನ್ನೊಂದು ಪಕ್ಕ ಸೊರಗಿದ ಸೊಟ್ಟ ಕಾಯಿಗಳು ಬಂದರೆ ಪರಾಗ ಸಾಕಷ್ಟು ತಲುಪಿಲ್ಲವೆಂದು ತಿಳಿಯಬೇಕು.

ಉದುರಿದ ಹೀಚಿನ ಮೇಲೆ ಸೂಜಿ ಚುಚ್ಚಿದಂಥ ಗುರುತಿದ್ದು, ಸೀಳಿದರೆ ಬಿಳಿಯ ಮರಿಹುಳುಗಳು ಕಂಡರೆ ಮಾತ್ರ ಅದು ಹಣ್ಣುನೊಣದ ಕೆಲಸ. ಅಂಥ ಕಾಯಿಗಳನ್ನು ಗೊಬ್ಬರದ ಗುಂಡಿಗೆ ಎಸೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಹಲವು ದಿನ ಬಿಸಿಲಿಗಿಡಿ. ಉಳಿದ ಹೀಚುಗಳಿಗೆ, ಹೂ ಬಾಡಿದ ಕೂಡಲೇ, ಕಾಗದದ ಚೀಲ ತೊಡಿಸಿ. ತೊಂಡೆಯ ವಿಷಯದಲ್ಲಿ ಪರಾಗಸ್ಪರ್ಶದ ಚಿಂತೆಯಿಲ್ಲ. ಕಾಯಿ ಬಿಡುವ ಹೆಣ್ಣುಬಳ್ಳಿಯಿಂದ ಪೆನ್ಸಿಲ್ ಗಾತ್ರದ, ಗೇಣುದ್ದದ ತುಂಡು ತಂದು ನೆಟ್ಟರೆ ಪರಾಗವಿಲ್ಲದೆಯೂ ಅದು ಕಾಯಿ ಬಿಡುತ್ತದೆ. ಬೀಜದಿಂದ ಬೆಳೆಸಿದ ಬಳ್ಳಿ ಗಂಡೂ ಆಗಿಬಿಡಬಹುದು.

ಪ್ರಶ್ನೆ: ಮಳೆ ನಿಂತ ಮೇಲೆ ನೆಟ್ಟ ಟೊಮೆಟೊ, ಬದನೆ ಗಿಡಗಳು ಎಲೆ ಹಸಿರಾಗಿರುವಾಗಲೇ ಎರಡು ದಿನಗಳಲ್ಲಿ ಜೋತುಬಿದ್ದು ಸಾಯುತ್ತಿವೆ. ನೀರು ಹೆಚ್ಚು ಹಾಕಿದರೂ ಚೇತರಿಸಿಕೊಳ್ಳುತ್ತಿಲ್ಲ.
– ಓದುಗರೊಬ್ಬರು, ಉಡುಪಿ

ಉತ್ತರ: ಲಕ್ಷಣಗಳನ್ನು ನೋಡಿದರೆ ಇದು ದುಂಡಾಣು ಸೊರಗು ರೋಗವಿರಬೇಕು. ಮನೆಯಲ್ಲೇ ಖಚಿತಪಡಿಸಿಕೊಳ್ಳಲು ಸರಳ ಉಪಾಯವಿದೆ. ಆಗ ತಾನೇ ಸೊರಗಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಅಲುಗಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಕತ್ತರಿಸಿದ ಕಡೆಯಿಂದ ಹಾಲಿನಂಥ ಬಿಳಿಯ ಎಳೆಗಳು ಇಳಿದರೆ ರೋಗ ಅದೇ. ನೀರು ಸಾಗುವ ನಾಳಗಳನ್ನು ಈ ದುಂಡಾಣು ಕಟ್ಟಿಬಿಡುವುದರಿಂದ ಎಷ್ಟು ನೀರೆರೆದರೂ ಅದು ಎಲೆಗೆ ತಲುಪುವುದಿಲ್ಲ. ಹರಿದು ಹೋಗುವ ಹೆಚ್ಚುವರಿ ನೀರು ರೋಗವನ್ನು ಪಕ್ಕದ ಗಿಡಕ್ಕೂ ಒಯ್ಯುತ್ತದೆ.

ರೋಗ ಬಂದ ಗಿಡವನ್ನು ಉಳಿಸುವ ಔಷಧಿ ಇಲ್ಲ; ಇದೆಯೆಂದು ಮಾರುವವರನ್ನು ನಂಬಬೇಡಿ. ಗಿಡವನ್ನು ಬೇರು ಮತ್ತು ಅದರ ಸುತ್ತಲಿನ ಮಣ್ಣಿನ ಸಮೇತ ತೆಗೆದು ಸುಡಿ. ದುಂಡಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲದು. ಆದುದರಿಂದ ಆ ಜಾಗದಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆಗಳನ್ನೂ ಶುಂಠಿಯನ್ನೂ ಕೆಲವು ವರ್ಷ ನೆಡದೆ ಅಲಸಂಡೆ, ಹರಿವೆ, ಜೋಳಗಳನ್ನು ಬೆಳೆಯಿರಿ. ಹೆಚ್ಚು ಮಳೆಯಿಂದ ಸಾರ ತೊಳೆದುಹೋದ ಕರಾವಳಿಯ ಮಣ್ಣು ಹುಳಿಯಾಗಿರುವುದರಿಂದ, ಮಣ್ಣು ಪರೀಕ್ಷೆ ಮಾಡಿಸಿ, ಸೂಚಿಸಿದಷ್ಟು ಕೃಷಿ ಸುಣ್ಣ ಬೆರೆಸುವುದು ಒಳ್ಳೆಯದು. ಬದನೆಯನ್ನು ಬಿಡಲು ಮನಸ್ಸಾಗದಿದ್ದರೆ ನಿಮ್ಮ ಕಡೆ ಕುದನೆ ಎಂದು ಕರೆಯುವ ಕಾಡುಗಿಡದ ಬೇರಿಗೆ ಕಸಿ ಮಾಡಿದ ಸಸಿಗಳನ್ನು ಬಳಸಿ; ಆ ಬೇರು ಈ ರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಮಟ್ಟುಗುಳ್ಳದಂಥ ತಳಿ ನಿಮ್ಮ ನೆರೆಯಲ್ಲೇ ಇರುವಾಗ ಇಷ್ಟು ಶ್ರಮ ಸಾರ್ಥಕವೇ. ಟೊಮೆಟೊಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ಸೂಕ್ತ: ದುಂಡಾಣು ಸೊರಗು, ಎಲೆ ಮುಟುರು ನಂಜು, ಮುಂಚಿನ ಅಂಗಮಾರಿ ಮೂರನ್ನೂ ಅದು ಸಹಿಸುತ್ತದೆ. ಅದು ಸಂಕರಣ ತಳಿಯಾದ್ದರಿಂದ ಹಣ್ಣಿನ ಬೀಜವನ್ನು ಎತ್ತಿಟ್ಟು ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ಪ್ರಶ್ನೆ: ಕುಂಡದ ಮಲ್ಲಿಗೆಯಲ್ಲಿ ಹೊಸ ಎಲೆಗಳು ಹಳದಿಯಾಗುತ್ತಿವೆ, ನರಗಳು ಮಾತ್ರ ಹಸಿರಾಗಿವೆ. ಎರೆಮಣ್ಣು, ಬೋರ್‌ವೆಲ್ ನೀರು. ಸಗಣಿ ಗೊಬ್ಬರ ಹಾಕಿದರೂ ಫಲವಿಲ್ಲ.
– ಓದುಗರೊಬ್ಬರು, ಧಾರವಾಡ

ಉತ್ತರ: ಸಾರಜನಕ ಕಡಿಮೆಯಾದರೆ ಹಳದಿಯಾಗುವುದು ಹಳೆಯ ಎಲೆಗಳು. ಹೊಸ ಎಲೆಯಲ್ಲಿ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಅದು ಕಬ್ಬಿಣದ ಕೊರತೆ. ಸುಣ್ಣದಂಶವಿರುವ ಎರೆಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಎಟಕುವುದಿಲ್ಲ, ಗಡಸು ನೀರು ಅದನ್ನು ಇನ್ನಷ್ಟು ಬಿಗಡಾಯಿಸುತ್ತದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಸಂಜೆಯ ಹೊತ್ತು ಎಲೆಗಳ ಮೇಲೆ, ಹತ್ತು ದಿನಗಳ ಅಂತರದಲ್ಲಿ ಎರಡು ಮೂರು ಬಾರಿ ಸಿಂಪಡಿಸಿ. ಕುಂಡದ ಮಣ್ಣನ್ನು ಕೆಮ್ಮಣ್ಣು ಮತ್ತು ಚೆನ್ನಾಗಿ ಕಳಿತ ಗೊಬ್ಬರದ ಮಿಶ್ರಣಕ್ಕೆ ಬದಲಿಸಿ, ಸಾಧ್ಯವಾದಾಗಲೆಲ್ಲ ಮಳೆನೀರನ್ನೇ ಹಾಕಿದರೆ ತೊಂದರೆ ಮರುಕಳಿಸುವುದು ತಗ್ಗುತ್ತದೆ.

ಪ್ರಶ್ನೆ: ಮನೆಯ ಮುಂದೆ ಮಾವಿನ ಮರದಡಿ ಮೆಕ್ಸಿಕನ್ ಹುಲ್ಲಿನ ಹಾಸು ಮಾಡಿಸಿದೆವು. ಒಂದು ವರ್ಷದಲ್ಲಿ ಹುಲ್ಲು ತೇಪೆತೇಪೆಯಾಗಿ ಸತ್ತು, ಕೊನ್ನಾರಿ ತುಂಬಿಕೊಂಡಿದೆ. ಮತ್ತೆ ಹಾಕಿಸಬೇಕೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅದೇ ಹುಲ್ಲನ್ನು ಮತ್ತೆ ಹಾಕಿಸಬೇಡಿ. ಮೆಕ್ಸಿಕನ್ ಹುಲ್ಲಿಗೂ, ಬರ್ಮುಡಾ ಎಂದು ನರ್ಸರಿಯಲ್ಲಿ ಮಾರುವ ನಮ್ಮ ಗರಿಕೆಯ ಜಾತಿಗೂ ದಿನಕ್ಕೆ ಕನಿಷ್ಠ ಐದಾರು ಗಂಟೆ ನೇರ ಬಿಸಿಲು ಬೇಕು. ಚದುರಿದ ನೆರಳಿಗೆ ಅಗಲ ಎಲೆಯ ಕಾರ್ಪೆಟ್ ಹುಲ್ಲು ಹೊಂದುತ್ತದೆ. ಬುಡದ ಹತ್ತಿರದ ದಟ್ಟ ನೆರಳಿನಲ್ಲಿ ಹುಲ್ಲಿನ ಆಸೆಯನ್ನೇ ಬಿಟ್ಟು, ಹುಲ್ಲಿನಂತೆ ಕಾಣುವ ಮಾಂಡೊ ಎಂಬ ನೆರಳಿನ ಗಿಡ ನೆಡುವುದು ಅಥವಾ ಉದುರಿದ ಮಾವಿನೆಲೆಯನ್ನೇ ಹೊದಿಕೆಯಾಗಿ ಬಿಡುವುದು ಮರಕ್ಕೂ ಹಿತ.

ಕೊನ್ನಾರಿಯನ್ನು ಮೇಲಿಂದ ಕಿತ್ತರೆ ಪ್ರಯೋಜನವಿಲ್ಲ. ಮಣ್ಣಿನೊಳಗೆ ಸರಪಳಿಯಂತೆ ಹೆಣೆದುಕೊಂಡ ಗೆಡ್ಡೆಗಳಿಂದ ಅದು ಮತ್ತೆ ಚಿಗುರುತ್ತದೆ. ಬೇಸಿಗೆಯಲ್ಲಿ ಒಂದಡಿ ಆಳಕ್ಕೆ ಅಗೆದು, ಸಿಕ್ಕಷ್ಟು ಗೆಡ್ಡೆ ಆರಿಸಿ, ಮಣ್ಣನ್ನು ಬಿಸಿಲಿಗೆ ಒಣಗಲು ಬಿಡಿ. ಆಮೇಲೆ ನೀರು ಹಾಯಿಸಿ, ಎರಡು ವಾರದಲ್ಲಿ ಮೊಳೆತದ್ದನ್ನು ಗೆಡ್ಡೆ ಸಮೇತ ತೆಗೆಯಿರಿ. ಈ ಕೆಲಸವನ್ನು ಮತ್ತೆರಡು ಬಾರಿಯಾದರೂ ಮಾಡಿ, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹುಲ್ಲಿನ ಕಡ್ಡಿಗಳನ್ನು ಮೂರು ನಾಲ್ಕು ಅಂಗುಲಕ್ಕೊಂದರಂತೆ ನೆಡಿ. ಕತ್ತರಿಸುವಾಗ ಒಮ್ಮೆಗೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು.

ಪ್ರಶ್ನೆ: ತಾರಸಿಯ ಮೇಲೆ ಇಟ್ಟಿಗೆ ಕಟ್ಟೆ ಕಟ್ಟಿ, ಒಂದಡಿ ಮಣ್ಣು ತುಂಬಿ ತರಕಾರಿ ಬೆಳೆಯಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೇಡ. ಒಂದು ಚದರ ಮೀಟರಿನಲ್ಲಿ ಒಂದಡಿ ತುಂಬಿದ ಒದ್ದೆ ಮಣ್ಣು 450 ಕಿಲೋಗಿಂತ ಹೆಚ್ಚು ತೂಗುತ್ತದೆ. ಜನ ಓಡಾಡುವ ಮನೆಯ ತಾರಸಿಯನ್ನು ವಿನ್ಯಾಸ ಮಾಡುವಾಗ ಭಾರತೀಯ ಮಾನಕದ ಪ್ರಕಾರ ಸಾಮಾನ್ಯವಾಗಿ ಲೆಕ್ಕ ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋ ಮಾತ್ರ. ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರ ಹೆಚ್ಚಾಗಿ ಬೆರೆಸಿದ ಹಗುರವಾದ ಮಿಶ್ರಣವನ್ನು ಚೀಲ, ಕುಂಡಗಳಲ್ಲಿ ತುಂಬಿ, ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಮಾತ್ರ ಸಾಲಾಗಿ ಇಡಿ; ನೀರು ಹರಿದು ಹೋಗಲು ಕುಂಡಗಳನ್ನು ಎರಡಂಗುಲ ಎತ್ತರಿಸಿ. ಮಣ್ಣಿನ ಪಾತಿಯೇ ಬೇಕೆಂದರೆ ಮೊದಲು ಕಟ್ಟಡದ ಎಂಜಿನಿಯರರಿಗೆ ತೋರಿಸಿ.

ಪ್ರಶ್ನೆ: ಅಡುಗೆಮನೆಯ ಕೊತ್ತಂಬರಿ ಬೀಜ ಬಿತ್ತಿದರೆ ಮೊಳೆಯುತ್ತಿಲ್ಲ. ಮೆಂತ್ಯ ಮಾತ್ರ ನಾಲ್ಕೇ ದಿನಕ್ಕೆ ಬರುತ್ತದೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೊತ್ತಂಬರಿಯ ಒಂದು ಕಾಳಿನೊಳಗೆ ಎರಡು ಬೀಜಗಳಿರುತ್ತವೆ. ಕಾಳುಗಳನ್ನು ಚಪ್ಪಲಿಯ ಅಡಿಯಲ್ಲೋ ಹಲಗೆಯಿಂದಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ಅರ್ಧ ಅಂಗುಲ ಆಳದಲ್ಲಿ ಬಿತ್ತಿ ತೇವ ಆರದಂತೆ ನೋಡಿಕೊಳ್ಳಿ. ಮೊಳಕೆಗೆ ಹತ್ತು ದಿನ, ಕೆಲವೊಮ್ಮೆ ಎರಡು ವಾರವೂ ಬೇಕಾಗುವುದರಿಂದ ನಾಲ್ಕನೆಯ ದಿನಕ್ಕೆ ಮಣ್ಣು ಕೆದಕಿ ನೋಡಬೇಡಿ. ಅಂಗಡಿಯ ಕಾಳು ಹಳೆಯದಾಗಿರಬಹುದು; ಹೀಗೆ ಮಾಡಿಯೂ ಮೊಳೆಯದಿದ್ದರೆ ಬಿತ್ತನೆ ಬೀಜವನ್ನೇ ತನ್ನಿ. ಸಸಿ ಕಿತ್ತು ಬೇರೆಡೆ ನೆಟ್ಟರೆ ಸೊರಗುವುದರಿಂದ ಬೆಳೆಯಬೇಕಾದ ಜಾಗದಲ್ಲೇ ಬಿತ್ತಿ. ಬೇಸಿಗೆಯಲ್ಲಿ ಬೇಗ ಹೂವಿಗೆ ಹೋಗುವ ಈ ಸೊಪ್ಪಿಗೆ ಈಗಿನ ಚಳಿಯೇ ಒಳ್ಳೆಯ ಕಾಲ.