ಹಳೆಯ ಗಾಜಿನ ಗೋಲಿ ಯಾವ ಕಂಪನಿಯದು ಎಂದು ಕಂಡುಹಿಡಿಯುವುದು ಹೇಗೆ?

ಓಹಾಯೋದ ಎಸ್ಟೇಟ್ ಸೇಲ್‌ನಲ್ಲಿ (ಮನೆಯ ಹಳೆ ಸಾಮಾನಿನ ಮಾರಾಟದಲ್ಲಿ) ಒಂದು ಜಾಡಿ ಗೋಲಿ ಸಿಕ್ಕಿದೆ, ಫೋಟೋಗಳ ಜೊತೆ ಬಣ್ಣ ಹೋಲಿಸಿದರೆ ಒಂದೇ ಗೋಲಿ ಮೂರು ಕಂಪನಿಗಳ ಗೋಲಿಯಂತೆ ಕಾಣುತ್ತದೆ ಅಂತ ಬರೆದಿದ್ದೀರಿ. ಹಾಗೆ ಕಂಡೇ ಕಾಣುತ್ತದೆ. ಕೆಂಪು-ಬಿಳಿ, ನೀಲಿ-ಬಿಳಿ ಗೋಲಿಗಳನ್ನು ಹೆಚ್ಚುಕಡಿಮೆ ಎಲ್ಲರೂ ಮಾಡಿದ್ದಾರೆ. ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ನೋಡಬೇಕಾದ್ದು ಕರಗಿದ ಗಾಜನ್ನು ಎಲ್ಲಿ ಕತ್ತರಿಸಿದ್ದಾರೆ, ಆ ಗುರುತು ಗೋಲಿಯ ಮೈಮೇಲೆ ಹೇಗೆ ಉಳಿದಿದೆ ಅನ್ನುವುದನ್ನು.

ಸಿಂಕಿನ ತಳಕ್ಕೆ ದಪ್ಪ ಬಟ್ಟೆ ಹಾಸಿ, ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಒಂದೊಂದಾಗಿ ತೊಳೆಯಿರಿ. ಬಿಸಿನೀರು ಬೇಡ, ಒಳಗಿರುವ ಸಣ್ಣ ಬಿರುಕು ದೊಡ್ಡದಾಗಬಹುದು. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಒಂದು ವರ್ನಿಯರ್ ಕ್ಯಾಲಿಪರ್, 365 ನ್ಯಾನೊಮೀಟರ್‌ನ ಯುವಿ ಟಾರ್ಚ್, ಒಂದು ಬಿಳಿ ಹಾಳೆ ಇದ್ದರೆ ಸಾಕು. ಗೋಲಿಯನ್ನು ಒಂದೇ ದಿಕ್ಕಿಗೆ ತಿರುಗಿಸಿ ನಿಲ್ಲಿಸಬೇಡಿ, ಅಡ್ಡಕ್ಕೂ ಉದ್ದಕ್ಕೂ ಪೂರ್ತಿ ತಿರುಗಿಸಿ. ಎಷ್ಟೋ ತಪ್ಪು ಗುರುತಿಸುವಿಕೆ ಒಂದೇ ಕಡೆ ನೋಡಿದ್ದರಿಂದ ಆಗುತ್ತದೆ.

ಮೊದಲ ಪ್ರಶ್ನೆ: ಪಾಂಟಿಲ್ ಇದೆಯೇ? ಅಂದರೆ ತುದಿಯಲ್ಲಿ ಉಗುರಿಗೆ ತಾಕುವ ಒರಟು ಮಚ್ಚೆ ಅಥವಾ ತಿಕ್ಕಿ ಸಮ ಮಾಡಿದ ಚಪ್ಪಟೆ ಜಾಗ. ಎದುರುಬದುರು ಎರಡು ತುದಿಯಲ್ಲೂ ಇದ್ದು, ಒಳಗಿನ ಬಣ್ಣದ ಎಳೆಗಳು ಆ ತುದಿಗಳಿಗೆ ಹೋಗಿ ಸೇರಿದ್ದರೆ ಅದು ಕೈಯಿಂದ ಮಾಡಿದ್ದು, ಬಹುತೇಕ ಜರ್ಮನಿಯ ತುರಿಂಗಿಯಾದ್ದು. ಅಲ್ಲಿನ ಲೌಶಾ ಊರಿನಲ್ಲಿ 1840ರ ದಶಕದಲ್ಲಿ ಗೋಲಿ ಕತ್ತರಿ ಬಂತು. ಬಣ್ಣದ ಎಳೆಗಳಿರುವ ಗಾಜಿನ ಕೋಲನ್ನು ಬಿಸಿಮಾಡಿ, ತುದಿಯನ್ನು ಆ ಕತ್ತರಿಯ ಬಟ್ಟಲಿನಲ್ಲಿ ತಿರುಗಿಸಿ ಗುಂಡಗೆ ಮಾಡಿ ಕತ್ತರಿಸುತ್ತಿದ್ದರು. ಎರಡೂ ಕಡೆ ಕತ್ತರಿಸಿದ್ದಕ್ಕೇ ಎರಡು ಮಚ್ಚೆ. ಇವುಗಳಲ್ಲಿ ಕಾರ್ಖಾನೆಯ ಹೆಸರು ಹುಡುಕಬೇಡಿ, 'ಜರ್ಮನ್ ಕೈಕೆಲಸ' ಅಂತಷ್ಟೇ ಬರೆದುಕೊಳ್ಳಿ. ಪಾಂಟಿಲ್ ಒಂದೇ ಇದ್ದು ಅದೂ ನಯವಾಗಿದ್ದರೆ ಇಂದಿನ ಗಾಜಿನ ಕಲಾವಿದರ ಕೆಲಸವಿರಬಹುದು ಎಂದು ಮೊದಲು ಅನುಮಾನಿಸಿ.

ಪಾಂಟಿಲ್ ಇಲ್ಲದಿದ್ದರೆ ಮಷೀನಿನದು. ನಿಮ್ಮ ಓಹಾಯೋದ್ದೇ ದೊಡ್ಡ ಹೆಸರು ಇಲ್ಲಿ ಬರುತ್ತದೆ: ಆಕ್ರನ್ ನಗರದ ಮಾರ್ಟಿನ್ ಕ್ರಿಸ್ಟೆನ್ಸೆನ್. ಗಾಜಿನ ಗೋಲಿ ಉರುಳಿಸುವ ಅವರ ಯಂತ್ರಕ್ಕೆ 1905ರಲ್ಲಿ ಪೇಟೆಂಟ್ ಸಿಕ್ಕಿತು. ಎಂ. ಎಫ್. ಕ್ರಿಸ್ಟೆನ್ಸೆನ್ ಅಂಡ್ ಸನ್ ಕಂಪನಿ 1917ರವರೆಗೆ ನಡೆಯಿತು. ಯಂತ್ರ ಉರುಳಿಸುತ್ತಿತ್ತೇ ಹೊರತು ಗಾಜನ್ನು ಕುಲುಮೆಯಿಂದ ಕಬ್ಬಿಣದ ಸರಳಿನಲ್ಲಿ ಕೈಯಿಂದಲೇ ತೆಗೆಯುತ್ತಿದ್ದರು. ಸರಳನ್ನು ತಿರುಗಿಸುತ್ತಾ ಗಾಜು ಇಳಿಬಿಟ್ಟು ಕತ್ತರಿಸುವಾಗ ಬಿಳಿ ಎಳೆ ಒಂದು ತುದಿಯಲ್ಲಿ ಇಂಗ್ಲಿಷಿನ 9ರ ಆಕಾರಕ್ಕೆ ಸುತ್ತಿಕೊಳ್ಳುತ್ತದೆ, ಎದುರು ತುದಿಯಲ್ಲಿ ಬಾಲದಂತೆ ಉಳಿಯುತ್ತದೆ. ಬಣ್ಣದ ಗಾಜಿನಲ್ಲಿ ಬಿಳಿ ಸುಳಿಯಿರುವ 'ಸ್ಲ್ಯಾಗ್' ಗೋಲಿಗಳಲ್ಲಿ ಈ ಒಂಬತ್ತು ಮತ್ತು ಬಾಲ ಎರಡೂ ಸ್ಪಷ್ಟವಾಗಿದ್ದರೆ ಎಂ. ಎಫ್. ಕ್ರಿಸ್ಟೆನ್ಸೆನ್ ಎನ್ನಲು ಒಳ್ಳೆಯ ಆಧಾರ. ಆದರೆ ಆಕ್ರೋ ಅಗೇಟ್ ಎಂಬ ಇನ್ನೊಂದು ಕಂಪನಿಯ ಆರಂಭದ ಸ್ಲ್ಯಾಗ್‌ಗಳಲ್ಲೂ ಇದೇ ಗುರುತು ಬರುತ್ತದೆ, ಹಾಗಾಗಿ ಪಕ್ಕಾ ಎಂದು ಬರೆಯುವ ಮೊದಲು ಬೇರೆ ಲಕ್ಷಣವನ್ನೂ ನೋಡಿ. ಪೆಲ್ಟಿಯರ್ ಎಂಬ ಕಂಪನಿಯ ಸ್ಲ್ಯಾಗ್‌ನಲ್ಲಿ ಬಿಳಿ ಎಳೆಗಳು ಗರಿಯ ಹಾಗೆ ನಯವಾಗಿ ಬಿಡಿಬಿಡಿಯಾಗಿ ಹರಡಿರುತ್ತವೆ.

ಆಕ್ರೋ ಅಗೇಟ್ ಕೂಡ ಆಕ್ರನ್‌ನಲ್ಲೇ ಶುರುವಾಗಿ 1914ರಲ್ಲಿ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ಗೆ ಹೋಯಿತು, 1951ರಲ್ಲಿ ಮುಚ್ಚಿತು. ಅದರ ಕಾರ್ಕ್‌ಸ್ಕ್ರೂ ಗೋಲಿ ಗುರುತಿಸಲು ಎಲ್ಲಕ್ಕಿಂತ ಸುಲಭ. ಬಣ್ಣದ ಪಟ್ಟಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸುತ್ತುತ್ತಾ ಹೋಗುತ್ತದೆ. ಎರಡು ಪಟ್ಟಿಗಳಿದ್ದರೂ ಒಂದನ್ನೊಂದು ಎಲ್ಲೂ ದಾಟುವುದಿಲ್ಲ. ಪಟ್ಟಿಯ ಮೇಲೆ ಬೆರಳು ಇಟ್ಟು ತುದಿಯಿಂದ ತುದಿಗೆ ಹಿಂಬಾಲಿಸಿ ನೋಡಿ. ಮಧ್ಯದಲ್ಲಿ ಸೇರಿಕೊಂಡರೆ ಅಥವಾ ಕಡಿದುಹೋದರೆ ಅದು ಸಾಮಾನ್ಯ ಸುಳಿಯ ಗೋಲಿ.

'ಆಕ್ಸ್‌ಬ್ಲಡ್' ಎಂದು ಮಾರುವವರ ಬಗ್ಗೆ ಎಚ್ಚರ. ನಿಜವಾದ ಆಕ್ಸ್‌ಬ್ಲಡ್ ಪಟ್ಟಿ ಒಣಗಿದ ರಕ್ತದ ಬಣ್ಣದ್ದು, ಬೆಳಕು ಹಾಯದು, ಲೂಪ್‌ನಲ್ಲಿ ನೋಡಿದರೆ ಅದರೊಳಗೆ ಸಣ್ಣ ಕಪ್ಪು ಎಳೆಗಳು ಕಾಣುತ್ತವೆ. ಕಪ್ಪು ಎಳೆಯಿಲ್ಲದ ಕಂದುಗೆಂಪು ಗೋಲಿಗೆ ಆ ಹೆಸರು ಕೊಡಬೇಡಿ, ಆ ಬೆಲೆಯನ್ನೂ ಕೊಡಬೇಡಿ.

ಹೆಸರು ನೋಡಿ ಗೊಂದಲವಾಗುವ ಇನ್ನೊಂದು ಕಂಪನಿ ಕ್ರಿಸ್ಟೆನ್ಸೆನ್ ಅಗೇಟ್. ಆಕ್ರನ್‌ನ ಕ್ರಿಸ್ಟೆನ್ಸೆನ್‌ಗೂ ಇದಕ್ಕೂ ಸಂಬಂಧವಿಲ್ಲ. ಇದು 1925ರಲ್ಲಿ ಓಹಾಯೋದ ಪೇನ್‌ನಲ್ಲಿ ಶುರುವಾಗಿ ಕೇಂಬ್ರಿಜ್‌ಗೆ ಹೋಗಿ, 1930ರ ದಶಕದ ಆರಂಭದಲ್ಲೇ ನಿಂತಿತು. ಬಣ್ಣ ನಿಜಕ್ಕೂ ನೆರವಿಗೆ ಬರುವುದು ಇದೊಂದರಲ್ಲಿ: ಕಣ್ಣು ಕುಕ್ಕುವ ಕಿತ್ತಳೆ, ಹಳದಿ, ನೀಲಿ, ಬಣ್ಣಗಳ ಅಂಚು ಮಸುಕಾಗದೆ ಚೂಪಾಗಿರುತ್ತದೆ. ಮೈತುಂಬ ಬಣ್ಣದ ಚುಕ್ಕೆಗಳಿರುವ ಇದರ 'ಗಿನಿ'ಗೆ ಬೆಲೆ ತುಂಬಾ, ಹಾಗಾಗಿ ನಕಲಿಗಳೂ ತುಂಬಾ. ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ.

ಗೋಲಿಯ ಎದುರುಬದುರು ಎರಡು ಸೀಮ್ (ಗಾಜು ಕೂಡಿದ ಗೆರೆ) ಕಂಡು, ಬಣ್ಣದ ಪಟ್ಟಿಗಳು ಅಲ್ಲಿ ಬಂದು ನಿಂತಿದ್ದರೆ ಪೆಲ್ಟಿಯರ್ ಅಥವಾ ಮಾರ್ಬಲ್ ಕಿಂಗ್ ಕಂಪನಿಯ ಕಡೆ ನೋಡಿ. ಇಲಿನಾಯ್‌ನ ಒಟ್ಟಾವಾದ ಪೆಲ್ಟಿಯರ್ ಮಾಡಿದ 'ನ್ಯಾಷನಲ್ ಲೈನ್ ರೇನ್‌ಬೋ'ದಲ್ಲಿ ಒಂದು ಬಣ್ಣದ ಮೈಮೇಲೆ ನಾಲ್ಕರಿಂದ ಆರು ಪಟ್ಟಿಗಳು ಮೇಲ್ಮೈಯಲ್ಲೇ ಇರುತ್ತವೆ, ಆಳಕ್ಕೆ ಇಳಿಯುವುದಿಲ್ಲ. ಮಾರ್ಬಲ್ ಕಿಂಗ್ 1949ರಲ್ಲಿ ವೆಸ್ಟ್ ವರ್ಜೀನಿಯಾದ ಸೇಂಟ್ ಮೇರೀಸ್‌ನಲ್ಲಿ ಶುರುವಾಗಿ 1958ರಲ್ಲಿ ಪೇಡನ್ ಸಿಟಿಗೆ ಹೋಯಿತು. ಅದರ ರೇನ್‌ಬೋದಲ್ಲಿ ಒಂದು ಬಣ್ಣ ಎರಡೂ ತುದಿಗೆ ತೇಪೆಯಂತೆ, ಇನ್ನೊಂದು ನಡುವೆ ಪಟ್ಟಿಯಂತೆ ಬರುತ್ತದೆ. ಹಳದಿ-ಕಪ್ಪಿನದು 'ಬಂಬಲ್‌ಬೀ', ಕೆಂಪು-ಕಪ್ಪಿನದು 'ವಾಸ್ಪ್'. ಚಿಪ್ಪು ಎದ್ದ ಜಾಗವಿದ್ದರೆ ಬಿಡದೆ ನೋಡಿ. ಬಣ್ಣ ತೆಳ್ಳಗಿನ ಪದರವಾಗಿದ್ದು ಕೆಳಗೆ ಬಿಳಿ ಗಾಜು ಕಂಡರೆ ಮಾರ್ಬಲ್ ಕಿಂಗ್ ಅಥವಾ ವಿಟ್ರೋ ಎಂಬ ಇನ್ನೊಂದು ಕಂಪನಿಯದು ಆಗಿರುವ ಸಾಧ್ಯತೆ ಹೆಚ್ಚು.

ಪಾರದರ್ಶಕ ಗಾಜಿನೊಳಗೆ ಬಣ್ಣದ ರೆಕ್ಕೆಯಿರುವ ಕ್ಯಾಟ್ಸ್ ಐ ಗೋಲಿ ಎರಡನೇ ಮಹಾಯುದ್ಧದ ನಂತರದ್ದು. ಗಾಜಿಗೆ ಹಸಿರು ಛಾಯೆ ಇದ್ದು ನಾಲ್ಕು ರೆಕ್ಕೆಗಳಿದ್ದರೆ ಏಷ್ಯಾದಿಂದ ಬಂದ ಅಗ್ಗದ ಮಾಲು. ಬಾಳೆಹಣ್ಣಿನಂತೆ ಒಂದೇ ಗಟ್ಟಿ ರೆಕ್ಕೆ ಇದ್ದರೆ ಪೆಲ್ಟಿಯರ್. ವಿನ್ಯಾಸವೇ ಇಲ್ಲದ ತಿಳಿಹಸಿರು ಗೋಲಿ ನಮ್ಮ ಗೋಲಿ ಸೋಡಾ ಥರದ ಕಾಡ್ ಬಾಟಲಿಯದ್ದೂ ಆಗಿರಬಹುದು. ಅದರ ಮೇಲೆ ಕಂಪನಿ ಗುರುತು ಹುಡುಕಿ ಸಮಯ ಕಳೆಯಬೇಡಿ.

ಅಳತೆ ಬರೆದಿಡಿ, ಆದರೆ ಅದರ ಮೇಲೆ ತೀರ್ಮಾನ ಮಾಡಬೇಡಿ. ಅಮೆರಿಕದ ಮಾಮೂಲಿ ಗೋಲಿ 5/8 ಇಂಚು, ಅಂದರೆ 15.9 ಮಿ.ಮೀ. ಇವತ್ತಿನ ಆಮದು ಗೋಲಿ 16 ಮಿ.ಮೀ. ಕ್ಯಾಲಿಪರ್ ಎರಡನ್ನೂ ಬೇರ್ಪಡಿಸುವುದಿಲ್ಲ. ಯುವಿ ಟಾರ್ಚಿಗೆ ಗಾಢ ಹಸಿರಾಗಿ ಹೊಳೆದರೆ ಸಾಮಾನ್ಯವಾಗಿ ಗಾಜಿನಲ್ಲಿ ಯುರೇನಿಯಂ ಇದೆ ಎಂದು ಅರ್ಥ. ಅದೂ ಹಲವು ಕಂಪನಿಗಳಲ್ಲಿ ಬರುತ್ತದೆ.

ಮೈ ಅತಿಯಾಗಿ ಹೊಳೆಯುತ್ತಾ, ಸೀಮ್ ಅಥವಾ ಪಾಂಟಿಲ್ ಮಾಸಿ, ಬಾಯಿ ತೆರೆದ ಗುಳ್ಳೆಗಳು ಕಂಡರೆ ಪಾಲಿಶ್ ಮಾಡಿದ್ದಾರೆ. ಮೇಲ್ಪದರ ಹೋಗಿರುವುದರಿಂದ ಬೆಲೆ ಬೀಳುತ್ತದೆ, ಗುರುತೂ ಅಳಿಸುತ್ತದೆ. ನೀವಂತೂ ಯಾವುದನ್ನೂ ಪಾಲಿಶ್‌ಗೆ ಕೊಡಬೇಡಿ.

ಕೊನೆಗೆ ಒಂದಿಷ್ಟು ಗೋಲಿ ಉಳಿಯುತ್ತವೆ: ಪಟ್ಟಿಯಿಲ್ಲ, ಸ್ಪಷ್ಟ ಸೀಮ್ ಇಲ್ಲ, ಬರೀ ಸುಳಿ. ಆಲಿ, ರೇವನ್ಸ್‌ವುಡ್, ಚಾಂಪಿಯನ್, ಹೀಟನ್, ಕೈರೋ ಹೀಗೆ ವೆಸ್ಟ್ ವರ್ಜೀನಿಯಾದ ಹಲವು ಸಣ್ಣ ಕಾರ್ಖಾನೆಗಳು ಇದೇ ಥರದ್ದು ಮಾಡಿವೆ. ಹಳೆಯ ಕಾರ್ಖಾನೆ ಜಾಗಗಳಲ್ಲಿ ಅಗೆದು ತೆಗೆದ ಚೂರುಗಳ ಜೊತೆ ಇಟ್ಟು ನೋಡಿದವರು ಮಾತ್ರ ಹೆಸರು ಹೇಳಬಲ್ಲರು. ಅವುಗಳ ಡಬ್ಬಿಗೆ 'ವೆಸ್ಟ್ ವರ್ಜೀನಿಯಾ ಸ್ವರ್ಲ್' ಎಂದು ಚೀಟಿ ಅಂಟಿಸಿ. ಅದು ಪೂರ್ತಿ ಸರಿಯಾದ ಉತ್ತರವೇ. ಅನುಮಾನವಿರುವ ಗೋಲಿಯ ಫೋಟೋ ಇಲ್ಲಿ ಹಾಕುವುದಾದರೆ ಎರಡೂ ತುದಿ, ಎರಡೂ ಬದಿ, ಹೀಗೆ ನಾಲ್ಕು ಕಡೆಯಿಂದ ತೆಗೆಯಿರಿ. ಹಗಲು ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ. ಜೊತೆಗೆ ಹಿಂದಿನಿಂದ ಬೆಳಕು ಬಿಟ್ಟ ಒಂದು ಫೋಟೋ, ಮಿಲಿಮೀಟರ್‌ನಲ್ಲಿ ಅಳತೆ.