ಐಎನ್‌ಎಸ್ ಮೈಸೂರು: ಕರಾಚಿಯಲ್ಲ, ಕಾರವಾರ

ಐಎನ್‌ಎಸ್ ಮೈಸೂರು ಅನ್ನೋದು ಮಹಾರಾಜರು ನೌಕಾಪಡೆಗೆ ಕೊಟ್ಟ ಹಡಗು, 1971ರಲ್ಲಿ ಕರಾಚಿಗೆ ಬೆಂಕಿ ಹಚ್ಚಿದ್ದು ಅದೇ ಅಂತ ನಿಮ್ಮ ಊರಲ್ಲಿ ಹೇಳುತ್ತಾರೆ, ಇದು ನಿಜವಾ, ಈಗಲೂ ಆ ಹಡಗು ಇದೆಯಾ ಎಂದು ಕೇಳಿದ್ದೀರಿ.

ಮಹಾರಾಜರಿಗೂ ಅದಕ್ಕೂ ಸಂಬಂಧವಿಲ್ಲ. 1939ರಲ್ಲಿ ಇಂಗ್ಲೆಂಡಿನಲ್ಲಿ ನೀರಿಗಿಳಿದ ಈ ಲೈಟ್ ಕ್ರೂಸರ್‌ನ (ಫಿರಂಗಿ ಹೊತ್ತ ವೇಗದ ಯುದ್ಧನೌಕೆ) ಮೊದಲ ಹೆಸರು ಎಚ್‌ಎಂಎಸ್ ನೈಜೀರಿಯಾ. 1954ರಲ್ಲಿ ಭಾರತ ಸರ್ಕಾರ ಅದನ್ನು ದುಡ್ಡು ಕೊಟ್ಟು ಕೊಂಡಿತು. ರಿಪೇರಿಯೆಲ್ಲ ಮುಗಿದು 1957ರ ಆಗಸ್ಟ್‌ನಲ್ಲಿ ಅದು 'ಮೈಸೂರು' ಆಯಿತು. ಮೊದಲ ಕ್ಯಾಪ್ಟನ್ ಎಸ್.ಎಂ. ನಂದಾ, ಮುಂದೆ 1971ರ ಯುದ್ಧದಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದವರು.

ನಮ್ಮ ಕೈಗೆ ಬರುವ ಹೊತ್ತಿಗೆ ಅದು ಸಾಕಷ್ಟು ಏಟು ತಿಂದಿತ್ತು. 1941ರಲ್ಲಿ ಉತ್ತರ ಸಮುದ್ರಗಳಲ್ಲಿ ಅದಿದ್ದ ತಂಡ ಜರ್ಮನರಿಗೆ ಹವಾಮಾನದ ವರದಿ ಕಳಿಸುತ್ತಿದ್ದ ಹಡಗು ಲಾಯೆನ್‌ಬುರ್ಗ್ ಅನ್ನು ಹಿಡಿಯಿತು, ಆ ಪುಟ್ಟ ಹಡಗಿನಲ್ಲಿ ಸಿಕ್ಕ ಎನಿಗ್ಮಾ (ಜರ್ಮನರ ಗುಪ್ತಲಿಪಿ ಯಂತ್ರ) ಕಾಗದಗಳಿಂದ ಬ್ರಿಟಿಷರಿಗೆ ಜರ್ಮನ್ ನೌಕಾಪಡೆಯ ಗುಪ್ತ ಸಂದೇಶ ಓದೋದು ಸಲೀಸಾಯಿತು. ಮರುವರ್ಷ ಆಗಸ್ಟ್ 12ರಂದು, ಮಾಲ್ಟಾಕ್ಕೆ ಸಾಮಾನು ಒಯ್ಯುವ ಹಡಗುಗಳಿಗೆ ಕಾವಲಾಗಿ ಹೋಗುತ್ತಿದ್ದಾಗ ಇಟಲಿಯ ಸಬ್‌ಮರೀನ್ ಆಕ್ಸುಮ್ ಒಂದೇ ಸಲಕ್ಕೆ ಬಿಟ್ಟ ಟಾರ್ಪಿಡೊಗಳು ಮೂರು ಹಡಗಿಗೆ ಬಡಿದವು. ಅದರಲ್ಲಿ ಇದೂ ಒಂದು. 52 ಜನ ಸತ್ತರು. ಹೇಗೋ ಕುಂಟುತ್ತ ಜಿಬ್ರಾಲ್ಟರ್ ಸೇರಿತು.

ಇನ್ನು ಕರಾಚಿ. 1971ರ ಡಿಸೆಂಬರ್ 4ರ ರಾತ್ರಿ ಹೊಡೆದದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಸಣ್ಣ ಕ್ಷಿಪಣಿ ದೋಣಿಗಳು. 'ಮೈಸೂರು' ಆಗ ಪಶ್ಚಿಮ ನೌಕಾದಳದ ಫ್ಲ್ಯಾಗ್‌ಶಿಪ್, ಅಂದರೆ ದಳದ ಮುಖ್ಯಸ್ಥರಿರುವ ಹಡಗು; ಆ ಮುಖ್ಯಸ್ಥ ರಿಯರ್ ಅಡ್ಮಿರಲ್ ಕುರುವಿಲ್ಲಾ ಇದ್ದದ್ದು ಅದರಲ್ಲೇ. ಗೊಂದಲಕ್ಕೆ ಕಾರಣ ಅದೇ ಇರಬೇಕು. ಆದರೆ 'ಮೈಸೂರು' ಹೊತ್ತಿದ್ದಂಥ ಆರು ಇಂಚಿನ ಫಿರಂಗಿಗಳ ಕಾಲ ಅಷ್ಟರಲ್ಲಿ ಮುಗಿದಿತ್ತು ಅಂತಲೇ ನನ್ನ ಅನಿಸಿಕೆ.

ನಿಮ್ಮ ಊರಿನವರು ನಿಜಕ್ಕೂ ಹೇಳಬೇಕಾದ ಕಥೆ ಅದಕ್ಕೆ ಹತ್ತು ವರ್ಷ ಹಿಂದಿನದು, ಅದೂ ನಮ್ಮ ಕಾರವಾರದ ಎದುರಿಗೇ ನಡೆದದ್ದು! ಅಂಜದೀವ್ ದ್ವೀಪ ಆಗ ಪೋರ್ಚುಗೀಸರ ಕೈಲಿತ್ತು. 1961ರ ನವೆಂಬರ್‌ನಲ್ಲಿ ಅಲ್ಲಿಂದ ನಮ್ಮ ಪ್ರಯಾಣಿಕರ ಹಡಗು ಸಾಬರಮತಿಯ ಮೇಲೆ ಗುಂಡು ಹಾರಿತು, ಕಾರವಾರದ ಕಡೆಯ ಮೀನುಗಾರರೊಬ್ಬರೂ ಗುಂಡಿಗೆ ಬಲಿಯಾದರು. ಪೋರ್ಚುಗೀಸರಿಂದ ಗೋವಾ ಬಿಡಿಸುವ ಕಾರ್ಯಾಚರಣೆ ಶುರುವಾದಾಗ, ಡಿಸೆಂಬರ್ 18ರಂದು, ದ್ವೀಪ ಹಿಡಿಯುವ ಕೆಲಸ 'ಮೈಸೂರು' ಮತ್ತು ಇನ್ನೊಂದು ಯುದ್ಧನೌಕೆ 'ತ್ರಿಶೂಲ್' ಪಾಲಿಗೆ ಬಂತು. ಸುಮ್ನೆ ಇಳಿದು ಬಾವುಟ ಹಾರಿಸಿ ಬರೋ ಕೆಲಸ ಅದಾಗಿರಲಿಲ್ಲ. ಇಳಿದ ನಾವಿಕರ ಮೇಲೆ ಗುಂಡಿನ ಮಳೆ ಬಿತ್ತು, ಏಳು ಜನ ಸತ್ತರು. ಆಮೇಲೆ ಹಡಗುಗಳ ಫಿರಂಗಿ ಜೋರಾಗಿ ಮಾತಾಡಿ, ಮರುದಿನ ಮಧ್ಯಾಹ್ನ ದ್ವೀಪ ನಮ್ಮದಾಯಿತು. ಆಗಲೂ ಸಿಗದ ಪೋರ್ಚುಗೀಸರ ಕಡೆಯ ಒಬ್ಬ ಸೈನಿಕ ಈಜಿಕೊಂಡು ನಮ್ಮ ದಡಕ್ಕೇ ಬಂದು 22ರಂದು ಸಿಕ್ಕಿಬಿದ್ದ. ಅಂಜದೀವ್ ಈಗ ಕಾರವಾರದ ನೌಕಾನೆಲೆಯ ಒಳಗೇ ಇದೆ, ಅಲೆತಡೆ ಗೋಡೆ ಕಟ್ಟಿ ಅದನ್ನು ದಡಕ್ಕೆ ಸೇರಿಸಿದ್ದಾರೆ.

ಹಡಗಿನ ಇನ್ನೊಂದು ಪುಂಡಾಟವನ್ನೂ ಹೇಳಿಬಿಡುತ್ತೇನೆ: 1959ರಲ್ಲಿ ಸಿಲೋನ್ ಹತ್ತಿರ ಅಭ್ಯಾಸ ನಡೆಯುವಾಗ ಇದಕ್ಕೂ ಬ್ರಿಟಿಷರ ಯುದ್ಧನೌಕೆ 'ಹೋಗ್'ಗೂ ಡಿಕ್ಕಿಯಾಗಿ 'ಹೋಗ್'ನ ಮೂತಿ ನಜ್ಜುಗುಜ್ಜಾಯಿತು.

ಹಳೆಯ 'ಮೈಸೂರು' 1985ರ ಆಗಸ್ಟ್‌ನಲ್ಲಿ ನಿವೃತ್ತಿಯಾಗಿ ಗುಜರಿಗೆ ಹೋಯಿತು. ಈಗಿರೋದು ಬೇರೆಯದು, ಮುಂಬೈಯಲ್ಲಿ ಕಟ್ಟಿದ ಡೆಸ್ಟ್ರಾಯರ್, 1999ರಲ್ಲಿ ಸೇವೆಗೆ ಬಂತು. ಫೋಟೋ ಸಿಕ್ಕರೆ ಪಕ್ಕದಲ್ಲಿ ಬರೆದ ಸಂಖ್ಯೆ ನೋಡಿ: ಹಳೆಯದು ಸಿ60, ಹೊಸದು ಡಿ60.